ಬಯಲ ಬಂದೀಖಾನೆ ಸ್ವತಂತ್ರಪುರ

ಸೆರೆಮನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಎತ್ತರದ ಕಲ್ಲುಗೋಡೆ, ಕಬ್ಬಿಣದ ಹೆಬ್ಬಾಗಿಲು ಮತ್ತು ಬಂದೂಕು ಹಿಡಿದು ನಿಂತ ಕಾವಲುಗಾರ. ಈ ಮೂರನ್ನೂ ನಂಬದೆ, ಮನುಷ್ಯನ ಮನಸ್ಸಾಕ್ಷಿಯೊಂದನ್ನೇ ನಂಬಿ ಕಟ್ಟಿದ ಸೆರೆಮನೆಯೊಂದು ಇರಬಲ್ಲುದೆಂದರೆ ಕೇಳಿದವರಿಗೆ ಅದು ಪುರಾಣದ ಕಥೆಯೆಂದೇ ತೋರಬಹುದು. ಆದರೆ ಅಂಥ ಒಂದು ಸ್ಥಳ ನಮ್ಮ ನಾಡಿನ ಗಡಿಗೆ ಬಹು ದೂರವಲ್ಲದ ನೆಲದಲ್ಲಿ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಆಟಪಾಡಿಯ ಬಳಿ, 1939ರಿಂದಲೂ ಇದೆ. ಅದರ ಹೆಸರು ಸ್ವತಂತ್ರಪುರ. ದೇಶವೇ ಪರತಂತ್ರವಾಗಿದ್ದ ಕಾಲದಲ್ಲಿ, ಒಂದು ಪುಟ್ಟ ಸಂಸ್ಥಾನವು ತನ್ನ ಅಪರಾಧಿಗಳಿಗಾಗಿ ನಿರ್ಮಿಸಿದ ವಸತಿಗೆ ಇಂಥ ಹೆಸರಿಟ್ಟಿತೆಂಬುದೇ ನಮ್ಮನ್ನು ಚಿಂತನೆಗೆ ಹಚ್ಚುವ ಸಂಗತಿಯಾಗಿದೆ.

ತೀರ್ಥಕ್ಷೇತ್ರಗಳ ದರ್ಶನದಿಂದ ಮನಸ್ಸು ತಿಳಿಯಾಗುತ್ತದೆಂಬುದು ನಮ್ಮ ಹಿರಿಯರ ನಂಬಿಕೆ. ಗುಡಿಯಿಲ್ಲದ, ಜಾತ್ರೆಯಿಲ್ಲದ ಕೆಲವು ಸ್ಥಳಗಳೂ ಇದೇ ಕೆಲಸವನ್ನು ಮಾಡಬಲ್ಲವು. ಸ್ವತಂತ್ರಪುರವು ಅಂಥವುಗಳಲ್ಲೊಂದು.

ಮಾಣದೇಶದ ದಾರಿ

ವಿಜಯಪುರದ ಕಡೆಯಿಂದ ಹೊರಟವರಿಗೆ ಈ ದಾರಿಯಲ್ಲಿ ಮೊದಲು ಸಿಗುವ ಪುಣ್ಯಸ್ಥಳ ಮಂಗಳವೇಢೆ. ನಮ್ಮ ಸಮಾಜದ ಬಂಧುಗಳಿಗೆ ಈ ಊರಿನ ಪರಿಚಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ವಿಶ್ವಗುರು ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ತಮ್ಮ ಕಾಯಕವನ್ನು ಆರಂಭಿಸಿದ ನೆಲವದು. ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಸಾಂಗೋಲೆ. ಸಾಂಗೋಲೆಯಿಂದ ಮತ್ತೂ ಪಶ್ಚಿಮಕ್ಕೆ ಹೋದರೆ ಆಟಪಾಡಿ. ಬೆಳಗಾವಿಯ ಕಡೆಯವರು ಮಿರಜ, ಸಾಂಗಲಿಗಳ ಮಾರ್ಗವಾಗಿ ಬರುವುದುಂಟು. ಕೃಷ್ಣಾ ತೀರದ ಕಬ್ಬಿನ ಹಸಿರನ್ನು ಬಿಟ್ಟು ಈಶಾನ್ಯಕ್ಕೆ ಏರಿದಂತೆಲ್ಲ ನೆಲದ ಬಣ್ಣ ಮಾಸುತ್ತ ಹೋಗುತ್ತದೆ. ಹೊಳೆಯ ಸೀಮೆ ಮುಗಿದು ಬರದ ಸೀಮೆ ಆರಂಭವಾಯಿತೆಂಬುದನ್ನು ಯಾರೂ ಹೇಳಬೇಕಾಗುವುದಿಲ್ಲ.

ಈ ಪ್ರದೇಶಕ್ಕೆ ಮಾಣದೇಶವೆಂದು ಹೆಸರು. ಭೀಮೆಯನ್ನು ಸೇರುವ ಮಾಣ ಎಂಬ ಕಿರುನದಿಯ ಎರಡೂ ದಂಡೆಗಳಲ್ಲಿ ಹಬ್ಬಿದ ಸೀಮೆಯಿದು. ಸಹ್ಯಾದ್ರಿಯು ಮೋಡಗಳನ್ನೆಲ್ಲ ತಾನೇ ಹಿಂಡಿಕೊಂಡು ಉಳಿದದ್ದನ್ನಷ್ಟೇ ಇತ್ತ ಕಳುಹಿಸುವುದರಿಂದ ಮಳೆಯು ಇಲ್ಲಿ ಅಪರೂಪದ ಅತಿಥಿ. ಜೋಳ, ಸಜ್ಜೆಗಳು ಹಳೆಯ ಬೆಳೆಗಳು. ಈಚಿನ ದಶಕಗಳಲ್ಲಿ ದಾಳಿಂಬೆಯ ತೋಟಗಳು ಕಣ್ಣಿಗೆ ಬೀಳುತ್ತವೆ. ಕೃಷ್ಣೆಯ ನೀರನ್ನು ಎತ್ತಿ ತರುವ ಟೆಂಭೂ ಯೋಜನೆಯಿಂದ ಕೆಲವು ಹೊಲಗಳು ತಂಪಾಗಿವೆ. ಕುರಿ ಕಾಯುವ ಧನಗರರು, ಅವರ ಕರಿಯ ಕಂಬಳಿ, ಮತ್ತು ನಮ್ಮ ಉತ್ತರ ಕರ್ನಾಟಕದ ರೈತರೂ ಹೆಮ್ಮೆಯಿಂದ ಕಟ್ಟುವ ಖಿಲಾರಿ ಎತ್ತುಗಳು ಈ ನಾಡಿನ ಸಂಪತ್ತು. ಸಮೀಪದ ಖರಸುಂಡಿಯ ಸಿದ್ಧನಾಥನ ಜಾತ್ರೆಯು ಈ ಎತ್ತುಗಳ ವ್ಯಾಪಾರಕ್ಕೆ ಹೆಸರಾದುದು. ಕಲ್ಲು ಬಿಸಿಲುಗಳ ಈ ನೆಲವು ಮರಾಠಿ ಸಾಹಿತ್ಯಕ್ಕೆ ಗ. ದಿ. ಮಾಡಗೂಳಕರ, ವ್ಯಂಕಟೇಶ ಮಾಡಗೂಳಕರ, ಶಂಕರರಾವ ಖರಾತರಂಥ ಲೇಖಕರನ್ನು ಕೊಟ್ಟಿದೆ.

ಬೇಸಾಯವೆಂದರೆ ಇಲ್ಲಿ ಬೀಜವನ್ನು ನೆಲಕ್ಕೆ ಒಪ್ಪಿಸಿ, ಫಲ ಬಂದೀತೆಂದು ನಂಬಿ ಕಾಯುವ ಕೆಲಸ. ಅಪರಾಧಿಗಳನ್ನು ನಂಬಿ ನೋಡುವ ಪ್ರಯೋಗಕ್ಕೂ ಇಂಥ ನೆಲವೇ ದೊರೆತದ್ದು ಯೋಗ್ಯವಾಗಿಯೇ ಇದೆ.

ಔಂಧ ಸಂಸ್ಥಾನದ ಸ್ವರಾಜ್ಯ

ಆಟಪಾಡಿಯು ಸ್ವಾತಂತ್ರ್ಯಪೂರ್ವದಲ್ಲಿ ಔಂಧ ಸಂಸ್ಥಾನಕ್ಕೆ ಸೇರಿತ್ತು. ಔಂಧವು 72 ಹಳ್ಳಿಗಳ ಪುಟ್ಟ ರಾಜ್ಯ. ಆ ಹಳ್ಳಿಗಳಾದರೂ ಒಂದೆಡೆ ಇರಲಿಲ್ಲ. ಬ್ರಿಟಿಷರ ಸೀಮೆಯ ನಡುನಡುವೆ ಚದುರಿ ಬಿದ್ದಿದ್ದವು. ಔಂಧ, ಕುಂಡಲ, ಆಟಪಾಡಿಗಳ ಜೊತೆಗೆ ಗುಣದಾಳವೂ ಅದರ ಒಂದು ವಿಭಾಗವಾಗಿತ್ತು. ಈ ಗುಣದಾಳವು ಇಂದಿನ ವಿಜಯಪುರ ಜಿಲ್ಲೆಯಲ್ಲಿರುವ ಅಚ್ಚಗನ್ನಡ ನೆಲ. ಆದುದರಿಂದ ಔಂಧದ ಕಥೆಯಲ್ಲಿ ಕನ್ನಡಿಗರಿಗೂ ಒಂದು ಪಾಲಿದೆ.

1909ರಲ್ಲಿ ಗದ್ದುಗೆಯೇರಿದ ಭವಾನರಾವ ಪಂತ ಪ್ರತಿನಿಧಿಯವರು ಸೂರ್ಯನಮಸ್ಕಾರದ ಪ್ರಚಾರಕರೆಂದೂ ಸ್ವತಃ ಚಿತ್ರಕಾರರೆಂದೂ ಹೆಸರಾದವರು. ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯನ್ನು ಬಿಟ್ಟು ಬಂದಾಗ ಕುಂಡಲದ ಬಳಿ ಅವರಿಗೆ ಭೂಮಿಯನ್ನು ಕೊಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಲು ಕಾರಣರಾದವರು ಇವರೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾಯರು ಆ ಹೊಸ ಊರಿನ ರಾತ್ರಿಯ ಕಾವಲಿಗೆ ಯಾರನ್ನು ನೇಮಿಸಿದರು ಗೊತ್ತೇ? ಸೆರೆವಾಸ ಮುಗಿಸಿ ಬಂದವರನ್ನು! ಕದ್ದವರ ಕೈಗೇ ಊರಿನ ಕಾವಲನ್ನು ಒಪ್ಪಿಸುವ ಧೈರ್ಯವು ಔಂಧದ ಮಣ್ಣಿನಲ್ಲಿ ಸ್ವತಂತ್ರಪುರಕ್ಕಿಂತ ಬಹಳ ಹಿಂದೆಯೇ ಮೊಳೆತಿತ್ತೆಂಬುದಕ್ಕೆ ಇದು ಸಾಕ್ಷಿ.

1938ರ ಕೊನೆಯಲ್ಲಿ ಭವಾನರಾಯರು ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುವುದಾಗಿ ಸಾರಿದರು. ಮಹಾತ್ಮಾ ಗಾಂಧೀಜಿಯವರ ಮಾರ್ಗದರ್ಶನದಲ್ಲಿ ಸಿದ್ಧವಾದ ಸ್ವರಾಜ್ಯದ ಸಂವಿಧಾನವು 1939ರ ಜನವರಿಯಲ್ಲಿ ಜಾರಿಗೆ ಬಂದಿತು. ಹಳ್ಳಿಯ ಪಂಚಾಯತಿಯೇ ಆಡಳಿತದ ಬುನಾದಿಯಾಯಿತು. ರಾಜಕುಮಾರ ಆಪಾ ಪಂತರು ಈ ಪ್ರಯೋಗದ ಬೆನ್ನೆಲುಬಾಗಿ ನಿಂತರು. ಅರಸನು ಪ್ರಜೆಯನ್ನು ನಂಬಬಹುದಾದರೆ, ಪ್ರಜೆಗಳಲ್ಲೇ ತಪ್ಪಿತಸ್ಥನಾದವನನ್ನು ರಾಜ್ಯವು ಏಕೆ ನಂಬಬಾರದೆಂಬ ಪ್ರಶ್ನೆ ಸಹಜವಾಗಿಯೇ ಎದುರಾಯಿತು. ಆ ಪ್ರಶ್ನೆಯನ್ನು ಮುಂದಿಟ್ಟವರು ಮಾತ್ರ ಈ ದೇಶದವರಲ್ಲ.

ಬೆಂಗಳೂರಿನಿಂದ ಬಂದ ಪೋಲಿಷ್ ಸಂನ್ಯಾಸಿ

ಮಾರಿಸ್ ಫ್ರಿಡ್‌ಮನ್ 1901ರಲ್ಲಿ ಪೋಲೆಂಡಿನ ವಾರ್ಸಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದವರು. ವೃತ್ತಿಯಿಂದ ವಿದ್ಯುತ್ ಇಂಜಿನಿಯರರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1930ರ ದಶಕದ ನಡುಭಾಗದಲ್ಲಿ, ಮೈಸೂರು ಸಂಸ್ಥಾನದ ಸರಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬೆಂಗಳೂರಿಗೆ ಬಂದರು. ಯಂತ್ರಗಳ ನಡುವೆ ಇದ್ದುಕೊಂಡೇ ಅವರ ಮನಸ್ಸು ಅಂತರಂಗದ ಕಡೆಗೆ ತಿರುಗಿತು. ಶ್ರೀ ರಮಣ ಮಹರ್ಷಿಗಳ ಸಾನ್ನಿಧ್ಯವನ್ನು ಅರಸಿದರು, ಕಾವಿಯನ್ನು ತೊಟ್ಟರು, ಭಾರತಾನಂದರೆಂದು ಹೆಸರಾದರು. ಗಾಂಧೀಜಿಯವರಿಗಾಗಿ ಧನುಷ್ ತಕಲಿ ಎಂಬ ಸರಳವಾದ ನೂಲುವ ಸಾಧನವನ್ನು ರೂಪಿಸಿದವರೂ ಇವರೇ. ಆಪಾ ಪಂತರ ಸ್ನೇಹ ಇವರನ್ನು ಔಂಧಕ್ಕೆ ಕರೆತಂದಿತು.

ಔಂಧದಲ್ಲಿ ಸ್ವರಾಜ್ಯದ ಯೋಜನೆಗೆ ಹೆಗಲು ಕೊಟ್ಟ ಫ್ರಿಡ್‌ಮನ್ನರು ಬಂದಿಗಳ ಕಡೆಗೂ ತಮ್ಮ ದೃಷ್ಟಿಯನ್ನು ಹರಿಸಿದರು. ಅವರ ಪ್ರೇರಣೆಯಿಂದ ಆಟಪಾಡಿಯ ಬಳಿ ಬಂದಿಗಳು ಬಯಲಿನಲ್ಲಿ ನೆಲೆಸಿ ಬೇಸಾಯ ಮಾಡಿ ಬದುಕುವ ವಸತಿ ಆರಂಭವಾಯಿತು. ರಾಜರು ಒಪ್ಪಿಗೆಯನ್ನು ಕೊಟ್ಟರು. ಕೊಲೆಯಂಥ ಘೋರಾಪರಾಧಕ್ಕಾಗಿ ಶಿಕ್ಷೆ ಅನುಭವಿಸುತ್ತಿದ್ದವರನ್ನು ಸಂಕೋಲೆಯಿಲ್ಲದೆ ಹೊಲಕ್ಕೆ ಬಿಟ್ಟ ಆ ನಿರ್ಣಯವು ಅಂದಿನ ಕಾಲಕ್ಕೆ ಎಂಥ ಸಾಹಸವಾಗಿತ್ತೆಂಬುದನ್ನು ನಾವು ಊಹಿಸಬಹುದು.

1948ರ ಮಾರ್ಚಿಯಲ್ಲಿ ಔಂಧವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನದ ಎಷ್ಟೋ ವ್ಯವಸ್ಥೆಗಳು ಕಾಲಗರ್ಭದಲ್ಲಿ ಅಡಗಿಹೋದವು. ಸ್ವತಂತ್ರಪುರ ಮಾತ್ರ ಉಳಿಯಿತು. ಮುಂದೆ ಮಹಾರಾಷ್ಟ್ರ ಸರಕಾರದ ಕಾರಾಗೃಹ ಇಲಾಖೆಯ ಆಶ್ರಯದಲ್ಲಿ ಮುಂದುವರಿಯಿತು. ಫ್ರಿಡ್‌ಮನ್ನರು ಭಾರತವನ್ನೇ ತಮ್ಮ ನಾಡಾಗಿಸಿಕೊಂಡು, ಟಿಬೆಟಿನ ನಿರಾಶ್ರಿತರ ಸೇವೆಯಲ್ಲಿಯೂ ತೊಡಗಿ, 1976ರಲ್ಲಿ ಮುಂಬಯಿಯಲ್ಲಿ ದೇಹವಿಟ್ಟರು. ಒಂದು ಊರಿಗೆ ಜನ್ಮವಿತ್ತ ಈ ಸಂನ್ಯಾಸಿಯ ಹೆಸರು ನಮ್ಮ ಬೆಂಗಳೂರಿನಲ್ಲಿಯೂ ಬಹು ಮಂದಿಗೆ ತಿಳಿದಿಲ್ಲ.

ಬಂದಿಯ ಸಂಸಾರ

ಬಯಲು ಸೆರೆಮನೆಗೆ ಯಾರು ಬೇಕಾದರೂ ನೇರವಾಗಿ ಬರಲಾರರು. ಶಿಕ್ಷೆಯ ಒಂದು ಭಾಗವನ್ನು ಗೋಡೆಯ ಒಳಗಿನ ಸೆರೆಮನೆಯಲ್ಲಿ ಕಳೆದಿರಬೇಕು. ಅಲ್ಲಿ ಅವರ ನಡತೆ ಒಳ್ಳೆಯದೆಂದು ಕಂಡುಬಂದಿರಬೇಕು. ಮೈಮುರಿದು ದುಡಿಯುವ ಶಕ್ತಿಯಿರಬೇಕು. ಕೆಲವು ಬಗೆಯ ಅಪರಾಧಗಳನ್ನು ಮಾಡಿದವರಿಗೆ ಇಲ್ಲಿ ಪ್ರವೇಶವಿಲ್ಲ. ಹೀಗೆ ಆರಿಸಿದವರನ್ನು ಇಲ್ಲಿಗೆ ಕಳುಹಿಸುತ್ತಾರೆ. ಹಾಜರಿಯ ಹೊತ್ತಿಗೆ ಇರಬೇಕು, ಗೊತ್ತುಪಡಿಸಿದ ಎಲ್ಲೆಯನ್ನು ಅನುಮತಿಯಿಲ್ಲದೆ ದಾಟಬಾರದು ಎಂಬ ಕಟ್ಟುಗಳು ಇಲ್ಲಿಯೂ ಉಂಟು. ಒಳ್ಳೆಯ ದುಡಿಮೆಗೆ ಶಿಕ್ಷೆಯ ಅವಧಿಯಲ್ಲಿ ರಿಯಾಯಿತಿಯೂ ದೊರೆಯುತ್ತದೆ. ನಂಬಿಕೆಯನ್ನು ಮುರಿದು ಓಡಿಹೋದವನಿಗೆ ಮತ್ತೆ ಗೋಡೆಯ ಒಳಗಿನ ಬದುಕೇ ಗತಿ. ಆದುದರಿಂದ ಇದು ಶಿಕ್ಷೆಯಿಂದ ಬಿಡುಗಡೆಯಲ್ಲ. ಬಿಡುಗಡೆಗೆ ಯೋಗ್ಯನಾಗುವ ಶಿಕ್ಷಣ.

ಸ್ವತಂತ್ರಪುರವನ್ನು ಇತರ ಸೆರೆಮನೆಗಳಿಂದ ಬೇರೆಯಾಗಿಸುವ ಮುಖ್ಯ ವಿಷಯವೆಂದರೆ, ಇಲ್ಲಿ ಬಂದಿಯು ತನ್ನ ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿ ಇರಬಹುದು. ಈ ಒಂದು ಸಂಗತಿಯ ಮಹತ್ತ್ವವನ್ನು ಗೃಹಸ್ಥರಾದ ನಾವು ನಿಧಾನವಾಗಿ ಯೋಚಿಸಬೇಕು. ನ್ಯಾಯಾಧೀಶರು ಶಿಕ್ಷೆ ವಿಧಿಸುವುದು ಒಬ್ಬನಿಗೆ. ಆದರೆ ಅದನ್ನು ಅನುಭವಿಸುವವರು ಎಷ್ಟು ಮಂದಿ! ತಪ್ಪನ್ನೇ ಅರಿಯದ ಹೆಂಡತಿಯು ತವರಿಗೂ ಬೇಡವಾಗಿ, ಗಂಡನ ಮನೆಗೂ ಬೇಡವಾಗಿ ಕೂಲಿಗೆ ನಿಲ್ಲುತ್ತಾಳೆ. ಮಗುವು ಶಾಲೆಯಲ್ಲಿ ತಂದೆಯ ಹೆಸರನ್ನು ಹೇಳಲು ಅಂಜುತ್ತದೆ. ಮುಪ್ಪಿನ ತಾಯಿ ಮಗನ ಮುಖ ಕಾಣದೆ ಕಣ್ಣು ಮುಚ್ಚುತ್ತಾಳೆ. ಇವರಾರ ಹೆಸರೂ ತೀರ್ಪಿನಲ್ಲಿ ಇರುವುದಿಲ್ಲ.

ಗೋಡೆಯ ಒಳಗಿನ ಬಂದಿಗೆ ಅನ್ನದ ಚಿಂತೆಯಿಲ್ಲ, ಬಾಡಿಗೆಯ ಚಿಂತೆಯಿಲ್ಲ, ಮಗುವಿನ ಜ್ವರದ ಚಿಂತೆಯೂ ಇಲ್ಲ. ಹೊಣೆಯೇ ಇಲ್ಲದೆ ಹತ್ತು ಹನ್ನೆರಡು ವರ್ಷ ಬದುಕಿದವನು ಹೊರಗೆ ಬಂದಾಗ ಹೊಣೆ ಹೊರಲು ಹೇಗೆ ಶಕ್ತನಾದಾನು? ಬಯಲಿನ ಬಂದಿಯ ಸ್ಥಿತಿ ಹಾಗಲ್ಲ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಬೇಕು. ಮಳೆ ಬಾರದಿದ್ದರೆ ಎಲ್ಲ ರೈತರಂತೆ ಅವನೂ ಆಕಾಶವನ್ನು ನೋಡಬೇಕು. ಬೆಳೆದದ್ದನ್ನು ಮಾರಬೇಕು, ಬಂದ ಹಣದಲ್ಲಿ ಸಂಸಾರ ತೂಗಿಸಬೇಕು. ಸಂಜೆ ಮನೆಗೆ ಮರಳಿದಾಗ ಎದುರಿಗೆ ಹೆಂಡತಿಯಿರುತ್ತಾಳೆ, ಮಡಿಲಿಗೆ ಮಗು ಬರುತ್ತದೆ. ತನ್ನನ್ನು ನೆಚ್ಚಿದ ಜೀವಗಳು ಕಣ್ಣೆದುರಿಗೆ ಇರುವಾಗ ಓಡಿಹೋಗುವುದಾದರೂ ಎಲ್ಲಿಗೆ? ಕಾವಲುಗಾರನ ಬಂದೂಕಿಗಿಂತ ಮಗುವಿನ ಕಿರುಬೆರಳು ಬಲವಾದ ಬೇಡಿ ಎಂಬುದನ್ನು ಇಂಥ ಊರುಗಳ ದೀರ್ಘಕಾಲದ ಬಾಳ್ವೆಯು ತೋರಿಸಿಕೊಟ್ಟಿದೆ.

ಎರಡು ಕಣ್ಣು, ಹನ್ನೆರಡು ಕೈ

ಈ ಊರಿನ ಕಥೆಯನ್ನು ದೇಶಕ್ಕೆಲ್ಲ ತಲುಪಿಸಿದ್ದು ಒಂದು ಚಲನಚಿತ್ರ. ಆಟಪಾಡಿ ತಾಲ್ಲೂಕಿನವರೇ ಆದ ಕವಿ ಗ. ದಿ. ಮಾಡಗೂಳಕರರು ಬರೆದ ಕಥೆಯನ್ನು ಆಧರಿಸಿ ವ್ಹಿ. ಶಾಂತಾರಾಮರು 1957ರಲ್ಲಿ ‘ದೋ ಆಂಖೇಂ ಬಾರಹ ಹಾಥ್’ ಎಂಬ ಹಿಂದಿ ಚಿತ್ರವನ್ನು ನಿರ್ಮಿಸಿದರು. ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದ ಶಾಂತಾರಾಮರು ಈ ಚಿತ್ರದಲ್ಲಿ ಜೈಲಿನ ಅಧಿಕಾರಿ ಆದಿನಾಥನ ಪಾತ್ರವನ್ನು ತಾವೇ ವಹಿಸಿದರು. ಆರು ಮಂದಿ ಕೊಲೆಗಡುಕರನ್ನು ಆತ ಬಂಜರು ನೆಲಕ್ಕೆ ಕರೆದೊಯ್ದು ಬೇಸಾಯಕ್ಕೆ ಹಚ್ಚುತ್ತಾನೆ. ಹನ್ನೆರಡು ಕೈಗಳು ಅವರವು. ಎರಡು ಕಣ್ಣುಗಳು ಆತನವು. ಆತನ ದೃಷ್ಟಿಯು ತಮ್ಮ ಮೇಲಿದೆಯೆಂಬ ಭಾವನೆಯೇ ಅವರನ್ನು ಕಟ್ಟಿಹಾಕುತ್ತದೆ. ಬೆಳೆದ ತರಕಾರಿಯನ್ನು ಅವರು ಸಂತೆಯಲ್ಲಿ ನ್ಯಾಯವಾದ ಬೆಲೆಗೆ ಮಾರಿದಾಗ, ಅವರ ಮೇಲೆ ಏರಿ ಬರುವವರು ಲಾಭಕೋರ ವ್ಯಾಪಾರಿಗಳು. ಅಪರಾಧಿಗಳು ಪ್ರಾಮಾಣಿಕರಾದಾಗ ಪ್ರಾಮಾಣಿಕರೆನಿಸಿಕೊಂಡವರ ಬಣ್ಣ ಬಯಲಾಗುವುದೆಂಬ ಮಾತನ್ನು ಆ ಚಿತ್ರವು ಮಾರ್ಮಿಕವಾಗಿ ಹೇಳಿದೆ.

ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ದೊರೆಯಿತು. 1958ರ ಬರ್ಲಿನ್ ಚಿತ್ರೋತ್ಸವದಲ್ಲಿ ರಜತ ಕರಡಿಯ ಗೌರವ ಸಂದಿತು. ಭರತ ವ್ಯಾಸರು ರಚಿಸಿ ವಸಂತ ದೇಸಾಯಿಯವರು ರಾಗ ಸಂಯೋಜಿಸಿದ ಅದರ ಪ್ರಾರ್ಥನಾಗೀತೆಯು ಮುಂದೆ ನೂರಾರು ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು. ಅದು ಬಂದಿಗಳ ಬಾಯಲ್ಲಿ ಹುಟ್ಟಿದ ಪ್ರಾರ್ಥನೆಯೆಂಬುದನ್ನು ಅದನ್ನು ಹಾಡುವ ಮಕ್ಕಳಲ್ಲಿ ಅನೇಕರು ಅರಿಯರು.

ಸ್ವಾತಂತ್ರ್ಯಾನಂತರ ಬೇರೆ ರಾಜ್ಯಗಳೂ ಈ ಮಾರ್ಗವನ್ನು ತುಳಿದವು. ಉತ್ತರ ಪ್ರದೇಶದಲ್ಲಿ ಡಾ. ಸಂಪೂರ್ಣಾನಂದರ ಪ್ರೇರಣೆಯಿಂದ 1950ರ ದಶಕದ ಆರಂಭದಲ್ಲಿ ಬಂದಿಗಳ ಬಯಲು ಶಿಬಿರಗಳು ನಡೆದವು. ಅವರ ಹೆಸರಿನಲ್ಲಿಯೇ 1963ರಲ್ಲಿ ಜಯಪುರದ ಬಳಿಯ ಸಾಂಗಾನೇರದಲ್ಲಿ ಬಯಲು ಶಿಬಿರ ಸ್ಥಾಪನೆಯಾಯಿತು. ಅಲ್ಲಿಯೂ ಬಂದಿಗಳು ಸಂಸಾರದೊಡನೆ ಇದ್ದು, ಪೇಟೆಗೆ ಹೋಗಿ ದುಡಿದು ಬರುತ್ತಾರೆ. ಕರ್ನಾಟಕದಲ್ಲಿ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಗ್ರಾಮದಲ್ಲಿ ಬಯಲು ಬಂದೀಖಾನೆ ಇದೆ. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬನು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕೊಟ್ಟ ತೀರ್ಪಿನಲ್ಲಿ ಬಯಲು ಬಂದೀಖಾನೆಗಳ ವಿಷಯವನ್ನೂ ಪರಾಮರ್ಶಿಸಿತು. ಆದರೂ 2022ರ ಕೊನೆಯಲ್ಲಿ ದೇಶದ 1330 ಸೆರೆಮನೆಗಳಲ್ಲಿ ಬಯಲು ಬಂದೀಖಾನೆಗಳು ಕೇವಲ 91. ಆ ಹೊತ್ತಿಗೆ ದೇಶದ ಸೆರೆಮನೆಗಳಲ್ಲಿ ಇದ್ದವರು 5,73,220 ಮಂದಿ. ಇದ್ದ ಸ್ಥಳವೋ 4,36,266 ಮಂದಿಗೆ ಸಾಲುವಷ್ಟು. ಗೋಡೆಯ ಒಳಗೆ ಕಾಲಿಡಲು ಸ್ಥಳವಿಲ್ಲ. ಬಯಲು ಮಾತ್ರ ಹಾಗೆಯೇ ಇದೆ.

ಶರಣರ ದೃಷ್ಟಿ

ಶರಣ ಚರಿತ್ರೆಯನ್ನು ಬಲ್ಲವರಿಗೆ ಇದೆಲ್ಲ ತೀರ ಹೊಸದೇನೂ ಅಲ್ಲ. ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಅಣ್ಣನವರು ಕಳ್ಳರ ಬೆನ್ನಟ್ಟಲು ಆಳುಗಳನ್ನು ಕಳುಹಿಸಲಿಲ್ಲ. ತಾಯಿಯಿಂದ ಅಗಲಿದ ಕರುಗಳು ಹಾಲಿಗಾಗಿ ಹಲುಬುತ್ತಿರುವುದನ್ನು ಕಂಡು, ಅವನ್ನೂ ಹಸುಗಳ ಬಳಿಗೇ ಕಳುಹಿಸಿರೆಂದರು. ಈ ಕಥೆಯನ್ನು ಔದಾರ್ಯದ ಉದಾಹರಣೆಯಾಗಿ ಹೇಳುವುದು ವಾಡಿಕೆ. ಆದರೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾರು ಕದ್ದರು, ಏನು ಕಳೆಯಿತು ಎಂಬ ಲೆಕ್ಕಕ್ಕಿಂತ ಮೊದಲು ಬಸವಣ್ಣನವರ ಕಣ್ಣಿಗೆ ಬಿದ್ದದ್ದು ಯಾವ ತಪ್ಪನ್ನೂ ಮಾಡದ ಕರುವಿನ ಹಸಿವು. ಆಟಪಾಡಿಯ ಬಯಲಿನಲ್ಲಿ ಬಂದಿಯ ಬಳಿಗೆ ಅವನ ಮಕ್ಕಳನ್ನೂ ಬಿಟ್ಟ ವ್ಯವಸ್ಥೆಯು, ತಿಳಿದೋ ತಿಳಿಯದೆಯೋ, ಇದೇ ಕರುಣೆಯ ಹಾದಿಯಲ್ಲಿ ನಡೆದಿದೆ.

ಕಲ್ಯಾಣದ ಶರಣಸಮೂಹದಲ್ಲಿ ಕನ್ನದ ಮಾರಿತಂದೆ ಎಂಬ ಶರಣರಿದ್ದರು. ಮೊದಲು ಕನ್ನ ಕೊರೆದು ಕಳವು ಮಾಡುವುದೇ ಅವರ ವೃತ್ತಿಯಾಗಿತ್ತೆಂದು ಪರಂಪರೆ ಹೇಳುತ್ತದೆ. ಶರಣರ ಸಂಗದಿಂದ ಬದುಕು ತಿರುಗಿತು. ಅವರು ವಚನಕಾರರೂ ಆದರು. ನಾವು ಗಮನಿಸಬೇಕಾದುದು ಅವರ ಹೆಸರನ್ನು. ‘ಕನ್ನದ’ ಎಂಬ ವಿಶೇಷಣವು ಎಂಟು ಶತಮಾನಗಳು ಕಳೆದರೂ ಅಳಿಸಿಲ್ಲ. ಶರಣರು ಅವರ ಹಿಂದಿನ ಬದುಕನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಅವರನ್ನು ದೂರವೂ ಇಡಲಿಲ್ಲ. ಹೆಸರಿನೊಡನೆಯೇ ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡರು. ನಾವೂ ಸೆರೆವಾಸ ಮುಗಿಸಿ ಬಂದವನ ಹಿಂದಿನ ಹೆಸರನ್ನು ಮರೆಯುವುದಿಲ್ಲ. ಆದರೆ ಪಂಕ್ತಿಯಲ್ಲಿ ಅವನಿಗೆ ಮಣೆ ಹಾಕುವುದನ್ನು ಮಾತ್ರ ಮರೆಯುತ್ತೇವೆ.

ಕಾಯಕ ಎಂಬ ಶಬ್ದಕ್ಕೂ ಇಲ್ಲಿ ವಿಶೇಷವಾದ ಅರ್ಥ ದೊರೆಯುತ್ತದೆ. ಸೆರೆಮನೆಯ ಬಲವಂತದ ದುಡಿಮೆಯು ದೇಹವನ್ನು ಬಳಲಿಸಬಹುದೇ ಹೊರತು ಮನಸ್ಸನ್ನು ತಿದ್ದಲಾರದು. ಕಲ್ಲು ಒಡೆಯುವವನಿಗೆ ಆ ಕಲ್ಲು ಯಾರ ಮನೆಗೆ ಹೋಗುವುದೆಂದು ತಿಳಿಯದು. ತಾನು ಬಿತ್ತಿದ ಕಾಳು ತನ್ನ ಮಗುವಿನ ತಟ್ಟೆಗೆ ಬರುವುದನ್ನು ಕಂಡವನಿಗೆ ಮಾತ್ರ ದುಡಿಮೆಯ ಸತ್ಯ ತಿಳಿಯುತ್ತದೆ. ಸತ್ಯಶುದ್ಧವಾದ ಗಳಿಕೆ, ಅದರಲ್ಲಿ ತಕ್ಕಷ್ಟನ್ನು ಉಂಡು ಉಳಿದುದನ್ನು ಹಂಚುವ ದಾಸೋಹಭಾವ – ಇವು ವೇದಿಕೆಯ ಮೇಲಿನ ಉಪದೇಶದಿಂದ ಬರುವಂಥವಲ್ಲ. ಅನುಭವದಿಂದ ಬರತಕ್ಕವು, ಅನುಭವಕ್ಕೆ ಅವಕಾಶ ಬೇಕು.

ಒಂದು ಕಠಿಣ ಪ್ರಶ್ನೆ

ಇಷ್ಟನ್ನು ಓದಿದ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಕೊಂದವನಿಗೆ ಹೊಲ, ಮನೆ, ಹೆಂಡತಿ ಮಕ್ಕಳು; ಸತ್ತವನ ಹೆಂಡತಿ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ಕರುಣೆಯ ಹೆಸರಿನಲ್ಲಿ ತಳ್ಳಿಹಾಕುವುದು ಸರ್ವಥಾ ಸಲ್ಲದು. ಕೊಲೆಯಾದವನ ಮನೆಯಲ್ಲಿಯೂ ತಾಯಿಯಿಂದ, ತಂದೆಯಿಂದ ಅಗಲಿದ ಕರುಗಳು ಇರುತ್ತವೆ. ಅವರ ಕಣ್ಣೀರನ್ನು ಕಾಣದ ಕರುಣೆಯು ಅರೆಗಣ್ಣಿನ ಕರುಣೆ.

ಆದರೆ ವಿಚಾರ ಮಾಡೋಣ. ಅಪರಾಧಿಯು ಗೋಡೆಯ ಒಳಗೆ ಕೊಳೆತರೆ ನೊಂದ ಮನೆಗೆ ಏನು ದೊರೆಯುತ್ತದೆ? ಸೇಡು ತೀರಿತೆಂಬ ಕ್ಷಣಿಕ ಸಮಾಧಾನ ದೊರೆಯಬಹುದು; ಒಂದು ಹಿಡಿ ಹಿಟ್ಟು ದೊರೆಯದು. ದುಡಿಯುವ ಅಪರಾಧಿಯ ಗಳಿಕೆಯಿಂದಲಾದರೆ ನೊಂದವರಿಗೆ ಒಂದು ಪಾಲನ್ನು ಸಲ್ಲಿಸುವ ಏರ್ಪಾಡು ಸಾಧ್ಯ. ನೊಂದ ಮನೆಯ ಮಕ್ಕಳ ಓದಿಗೆ ಆಸರೆ ಕೊಡುವ ಹೊಣೆ ಸರಕಾರದ್ದಷ್ಟೇ ಅಲ್ಲ, ಮಠಮಾನ್ಯಗಳದೂ ಸಮಾಜದ್ದೂ ಆಗಿದೆ. ಇನ್ನೊಂದು ಮಾತು. ಶಿಕ್ಷೆಯ ಅವಧಿ ಮುಗಿದ ಮೇಲೆ ಬಹುಪಾಲು ಬಂದಿಗಳು ಹೊರಗೆ ಬಂದೇ ಬರುತ್ತಾರೆ. ನಮ್ಮ ಓಣಿಗೆ ಮರಳಿ ಬರುವವನು ದ್ವೇಷವನ್ನು ಹೊತ್ತು ಬರಬೇಕೋ, ನೇಗಿಲನ್ನು ಹೊತ್ತು ಬರಬೇಕೋ ಎಂಬುದಷ್ಟೇ ನಾವು ನಿರ್ಧರಿಸಬೇಕಾದ ವಿಷಯ.

ಈ ವ್ಯವಸ್ಥೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಬಯಲು ಬಂದೀಖಾನೆಗಳ ಬಾಗಿಲು ಮಹಿಳಾ ಬಂದಿಗಳಿಗೆ ಬಹುಕಾಲ ತೆರೆಯಲೇ ಇಲ್ಲ. ಈಗಲೂ ಹಲವೆಡೆ ಅವರಿಗೆ ಅವಕಾಶ ಕಡಿಮೆ. ವಿಚಾರಣೆಯೇ ಮುಗಿಯದೆ ಸೆರೆಯಲ್ಲಿರುವವರು 2022ರ ಲೆಕ್ಕದಂತೆ ನಾಲ್ವರು ಬಂದಿಗಳಲ್ಲಿ ಸುಮಾರು ಮೂವರು. ಬಯಲು ಬಂದೀಖಾನೆಗಳು ಶಿಕ್ಷೆಯಾದವರಿಗಾಗಿ ಇರುವುದರಿಂದ ಇವರಿಗೆ ಬಯಲಿನ ಗಾಳಿ ದೊರೆಯದು. ತಪ್ಪು ಸಾಬೀತಾದವನಿಗೆ ದೊರೆಯುವ ಬಯಲು ತಪ್ಪು ಸಾಬೀತಾಗದವನಿಗೆ ದೊರೆಯದಿರುವುದು ಎಂಥ ವಿಪರ್ಯಾಸ!

ನಮ್ಮ ಮನೆಯ ಹೊಸ್ತಿಲು

ಮಂಗಳವೇಢೆ, ಪಂಢರಪುರ, ಸೊಲ್ಲಾಪುರಗಳ ಯಾತ್ರೆಗೆ ಹೋಗುವ ಬಂಧುಗಳು ಮಾಣದೇಶದ ಈ ದಾರಿಯನ್ನೂ ಹಿಡಿಯಬಹುದು. ಬಂದಿಗಳ ವಸತಿಯನ್ನು ಕಾಣಲು ಕಾರಾಗೃಹ ಇಲಾಖೆಯ ಅನುಮತಿ ಅವಶ್ಯಕ. ಅನುಮತಿ ದೊರೆತರೂ ಅದನ್ನು ಪ್ರೇಕ್ಷಣೀಯ ಸ್ಥಳವೆಂದು ತಿಳಿದು ಹೋಗಬಾರದು. ಅಲ್ಲಿ ಆಡುವ ಮಕ್ಕಳ ತಂದೆ ಏನು ಮಾಡಿದನೆಂದು ಕೇಳುವುದು ನಮಗೆ ಭೂಷಣವಲ್ಲ. ದೂರದಿಂದಲೇ ಆ ಹೊಲಗಳನ್ನು ನೋಡಿದರೂ ಸಾಕು. ಯಾವುದು ಬಂದಿಯ ಹೊಲ, ಯಾವುದು ನೆರೆಯ ರೈತನ ಹೊಲ ಎಂದು ಪೈರನ್ನು ನೋಡಿ ಹೇಳಲು ಯಾರಿಂದಲೂ ಆಗದು. ನೆಲವು ಬಿತ್ತಿದವನ ಪೂರ್ವಾಪರವನ್ನು ವಿಚಾರಿಸುವುದಿಲ್ಲ.

ಸ್ವತಂತ್ರಪುರದ ನಿಜವಾದ ಪರೀಕ್ಷೆ ನಡೆಯುವುದು ಸ್ವತಂತ್ರಪುರದಲ್ಲಲ್ಲ. ಅಲ್ಲಿಂದ ಬಿಡುಗಡೆ ಹೊಂದಿದವನು ತನ್ನ ಹಳ್ಳಿಗೆ ಮರಳಿದ ದಿನ ಅದು ಆರಂಭವಾಗುತ್ತದೆ. ಅವನಿಗೆ ಹೊಲವನ್ನು ಪಾಲಿಗೆ ಕೊಡುವವರಾರು? ಅವನ ಮಗಳನ್ನು ಸೊಸೆಯಾಗಿ ತರಲು ಒಪ್ಪುವ ಮನೆ ಯಾವುದು? ಮಠದ ದಾಸೋಹದಲ್ಲಿ ಅವನು ಕುಳಿತಾಗ ಪಕ್ಕದವರು ಎದ್ದು ಹೋಗುವರೋ, ಸರಿದು ಸ್ಥಳ ಕೊಡುವರೋ? ಸರಕಾರವು ಗೋಡೆಯನ್ನು ತೆಗೆಯಬಹುದು. ಕಾಯಿದೆಯು ಶಿಕ್ಷೆಯನ್ನು ಮುಗಿಸಬಹುದು. ನಮ್ಮ ಮನಸ್ಸಿನಲ್ಲಿ ಎದ್ದಿರುವ ಗೋಡೆಯನ್ನು ಕೆಡವಲು ಯಾವ ಇಲಾಖೆಗೂ ಅಧಿಕಾರವಿಲ್ಲ.

ನಿತ್ಯವೂ ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸುವ ನಾವು, ಎಲ್ಲ ಜೀವರಲ್ಲಿಯೂ ಅದೇ ಚೈತನ್ಯವಿದೆಯೆಂದು ನಂಬಿದವರು. ಪಾಪ ಮಾಡಿದವನಲ್ಲಿ ಆ ಚೈತನ್ಯವು ಬತ್ತಿಹೋಗಿದೆಯೆಂದು ಶರಣರು ಎಲ್ಲಿಯೂ ಹೇಳಲಿಲ್ಲ. ನಿಮ್ಮ ಊರಿನಲ್ಲಿ, ನಿಮ್ಮ ಬಳಗದಲ್ಲಿ, ಸೆರೆವಾಸದಿಂದ ಮರಳಿದ ಒಂದು ಜೀವ ಇದ್ದರೆ, ಅಥವಾ ಸೆರೆಯಲ್ಲಿರುವವನ ದಾರಿ ಕಾಯುವ ಒಂದು ಸಂಸಾರವಿದ್ದರೆ, ಬರುವ ಬಸವ ಜಯಂತಿಯಂದು ಅವರನ್ನು ಮನೆಗೆ ಕರೆಯಿರಿ. ಮಕ್ಕಳ ಎದುರಿನಲ್ಲಿಯೇ ಅವರಿಗೆ ಮಣೆ ಹಾಕಿರಿ. ಆ ಒಂದು ಮಣೆಯಷ್ಟು ಸ್ಥಳದಲ್ಲಿ ಇನ್ನೊಂದು ಸ್ವತಂತ್ರಪುರ ನೆಲೆಗೊಳ್ಳಲಿ.